ಬಿಳಿ ಮಾತ್ರೆಯ ಕರಿ ಇದ್ದಿಲು

ಮಾತ್ರೆ ಬೆಳ್ಳಗಾಗುವುದು ಇದ್ದಿಲಿನಿಂದ ಎಂಬ ಸುದ್ದಿ ಕಣಕಟ್ಟೆಯ ಸಣ್ಣತಾಯಮ್ಮನ ಮನೆಗೆ ಬಂದದ್ದು ಒಂದು ಭಾನುವಾರ, ಜಗಲಿಯ ಮೇಲೆ ಅವರೆಕಾಯಿ ಸುಲಿಯುವ ಹೊತ್ತಿನಲ್ಲಿ. ತಂದವಳು ಮೊಮ್ಮಗಳು ಮಾಲಿನಿ. ತಿಪಟೂರು ರಸ್ತೆಯ ಇದ್ದಿಲು ಕಾರ್ಖಾನೆಯೊಂದರ ಪರೀಕ್ಷೆ ಕೋಣೆಯಲ್ಲಿ ಅವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು.

“ಏನಂದೆ? ಇನ್ನೊಂದ್ಸಲ ಹೇಳು,” ಎಂದಳು ಸಣ್ಣತಾಯಮ್ಮ.

“ಜ್ವರದ ಮಾತ್ರೆ ಇರುತ್ತಲ್ಲ ಅಜ್ಜಿ, ಅದರ ಪುಡಿ ಮೊದಲು ಮಾಡಿದಾಗ ಕಾಫಿ ಬಣ್ಣ ಇರುತ್ತೆ. ಅದನ್ನ ಕರಗಿಸಿ, ತೆಂಗಿನ ಚಿಪ್ಪಿನ ಇದ್ದಿಲ ಪುಡಿ ಹಾಕಿ ಸೋಸ್ತಾರೆ. ಕೊಳೇನೆಲ್ಲ ಇದ್ದಿಲು ಎಳ್ಕೊಂಡುಬಿಡುತ್ತೆ. ಆಮೇಲೆ ನೋಡು, ಮಲ್ಲಿಗೆ ಥರ ಬೆಳ್ಳಗೆ!”

ತಾತ ಗಿಡ್ಡಯ್ಯ ಬೊಚ್ಚುಬಾಯಿ ತೆರೆದು ನಕ್ಕ. “ಹಂಗಾದ್ರೆ ನನ್ನ ಪಂಚೇನೂ ಒಸಿ ಅದರಾಗೆ ಅದ್ದಿ ತಂದ್ಕೊಡವ್ವ. ನಿಮ್ಮಜ್ಜಿ ಐವತ್ತು ವರ್ಷದಿಂದ ಒಗೀತಾವ್ಳೆ, ಬೆಳ್ಳಗಾಗ್ನಿಲ್ಲ.”

“ಬೀಡಿ ಕಿಡಿ ಬೀಳಿಸ್ಕಂಡು ತೂತು ಮಾಡ್ಕಳೋ ಪಂಚೆಗೆ ಅದೊಂದು ಬೇರೆ ಕೇಡು,” ಎಂದಳು ಮುದುಕಿ.

ಮಾಲಿನಿಗೆ ನಗಲೂ ಪುರುಸೊತ್ತಿರಲಿಲ್ಲ. ಇಷ್ಟು ದಿನ ಆ ಮಾತ್ರೆಯ ಪುಡಿ ಚೀನಾದಿಂದ ಹಡಗಿನಲ್ಲಿ ಬರುತ್ತಿತ್ತಂತೆ. ಈಗ ನಮ್ಮಲ್ಲೇ ಮಾಡಬೇಕೆಂದು ಕಾರ್ಖಾನೆಗಳು ಎದ್ದಿವೆಯಂತೆ. ಅವಕ್ಕೆಲ್ಲ ಇದ್ದಿಲು ಬೇಕು. ಅವಳ ಕಾರ್ಖಾನೆಗೆ ಚಿಪ್ಪನ್ನು ಚೊಕ್ಕವಾಗಿ ಸುಟ್ಟು ಕೊಡುವವರು ಬೇಕು.

“ಕರೋನಾದಾಗ ಅಪ್ಪನ ಜ್ವರಕ್ಕೆ ಮಾತ್ರೆ ಹುಡುಕ್ಕೊಂಡು ಅರಸೀಕೆರೆಯ ಏಳು ಅಂಗಡಿ ಸುತ್ತಿದ್ದೆ,” ಎಂದ ಮಗ ಧರ್ಮೇಶ್. ಅವನು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. “ಎಂಟನೇ ಅಂಗಡಿಯವನು, ‘ಹೊರಗಿಂದ ಮಾಲು ಬಂದಿಲ್ಲ ಸಾರ್, ಹಡಗು ನಿಂತದೆ’ ಅಂದ. ಅಲ್ಲ, ನಮ್ಮಪ್ಪನ ಜ್ವರ ಇಳಿಯೋದು ಹಡಗಿನ ಕೈಲಿ ಇತ್ತಾ ಅನ್ನಿಸಿಬಿಡ್ತು.”

ಸೊಸೆ ಲತಾಮಣಿ ಸುಲಿದ ಅವರೆಕಾಳಿನ ಮೊರ ಕೆಳಗಿಟ್ಟು ಎದ್ದಳು. ಆ ಕೇರಿಯ ಒಂಬತ್ತು ಹೆಂಗಸರ ಸಂಘಕ್ಕೆ ಅವಳೇ ಮುಂದಾಳು. ಒಂಬತ್ತರಲ್ಲಿ ಐದು ಜನ ಬೆಳಗಿನ ಮೊದಲ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗಿ, ಮಕ್ಕಳು ಮಲಗಿದ ಮೇಲೆ ಮನೆಗೆ ಬರುವವರು.

“ಈ ಕೆಲಸ ನಮ್ಮ ಸಂಘಕ್ಕೆ ಕೊಡ್ತಾರೇನೇ?”

“ಕೊಡ್ತಾರೆ ಅಮ್ಮ. ಆದ್ರೆ ಪಾಸಾಗ್ಬೇಕು. ಮೂರು ವಾರ, ವಾರಕ್ಕೊಂದು ಚೀಲ ಸ್ಯಾಂಪಲ್. ಮೂರರಲ್ಲಿ ಒಂದು ಪಾಸಾದ್ರೂ ಒಂದು ವರ್ಷದ ಕೆಲಸ. ಮೂರೂ ಹೋದ್ರೆ ಬಾಣಾವರದ ಸಂಘದವರು ಕಾಯ್ತಾ ಇದ್ದಾರೆ.”

“ಪರೀಕ್ಷೆ ಮಾಡೋಳು ನೀನೇ ಅಲ್ವಾ?” ಎಂದ ಗಿಡ್ಡಯ್ಯ, ಕಣ್ಣು ಮಿಟುಕಿಸಿ.

“ಅಲ್ಲ ತಾತ. ಶಿಲ್ಪಾ ಮೇಡಂ ಮಾಡೋದು. ಚೀಲದ ಮೇಲೆ ನಂಬರ್ ಮಾತ್ರ ಇರುತ್ತೆ, ಹೆಸರಿರಲ್ಲ. ನನ್ನ ಮನೇದು ಅಂತ ಬಾಯಿ ಬಿಟ್ರೆ ನನ್ನ ಕೆಲಸಾನೇ ಹೋಗುತ್ತೆ.”

ಗಿಡ್ಡಯ್ಯನಿಗೆ ಈಗ ಎಪ್ಪತ್ತೆಂಟು. ಹುಡುಗನಾಗಿದ್ದಾಗ ಅವನು ಊರಿನ ತೆಂಗಿನ ತೋಟದ ಯಜಮಾನ ಪುಟ್ಟಸ್ವಾಮಿಯ ಅಪ್ಪನ ಕಣದಲ್ಲಿ ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತಿದ್ದ. ಸಂಜೆ ಒಂದು ಕುಕ್ಕೆ ಚಿಪ್ಪನ್ನು ಒಲೆಗೆಂದು ಕೊಟ್ಟು ಕಳಿಸುವರು. ಗಿಡ್ಡಯ್ಯ ಅದನ್ನು ಒಲೆಗೆ ಹಾಕಲಿಲ್ಲ. ಗುಂಡಿಯಲ್ಲಿ ಸುಟ್ಟು, ಇದ್ದಿಲು ಮಾಡಿ, ಅರಸೀಕೆರೆಯ ಅಕ್ಕಸಾಲಿಗರಿಗೆ ಮಾರಿದ. ಅಕ್ಕಸಾಲಿಗರು ಸುಲಭದ ಗಿರಾಕಿಗಳಲ್ಲ. ತುಂಡೊಂದನ್ನು ಕಲ್ಲಿನ ಮೇಲೆ ಬಿಟ್ಟು ನೋಡುವರು. ಠಣ್ ಎಂದರೆ ಇಳಿಸಿಕೊಳ್ಳುವರು, ದಪ್ ಎಂದರೆ ಹೊತ್ತುಕೊಂಡು ವಾಪಸು. ಗಿಡ್ಡಯ್ಯನ ಇದ್ದಿಲು ಒಂದು ದಿನವೂ ವಾಪಸು ಬಂದಿರಲಿಲ್ಲ.

ಆದ್ದರಿಂದ ಧರ್ಮೇಶ್ ಮರುವಾರ ಒಂದು ಕಬ್ಬಿಣದ ಡ್ರಮ್ಮನ್ನು ಆಟೋದಲ್ಲಿ ತಂದು ಅಂಗಳಕ್ಕೆ ಉರುಳಿಸಿದಾಗ ಮುದುಕ ತಿರುಗಿಯೂ ನೋಡಲಿಲ್ಲ.

“ಇದ್ಯಾಕ್ಲಾ ಈ ಪೀಪಾಯಿ? ಗುಂಡಿ ಇಲ್ವಾ?”

“ಗುಂಡೀಲಿ ಮಣ್ಣು ಸೇರ್ತದೆ ಅಪ್ಪ. ಮಾತ್ರೆಗೆ ಹೋಗೋ ಮಾಲು ಇದು. ಮೊಬೈಲಲ್ಲಿ ನೋಡಿದೀನಿ, ಎಲ್ಲ ಕಡೆ ಡ್ರಮ್ಮೇ.”

“ನಿನ್ನ ಮೊಬೈಲು ಎಷ್ಟು ಇಜ್ಜಲು ಸುಟ್ಟದೆ?”

“ಮಾವ, ಡ್ರಮ್ಮು ಅವರದು ಇರ್ಲಿ, ಕೈ ನಿಮ್ಮದಿರ್ಲಿ,” ಎಂದು ಲತಾಮಣಿ ನಡುವೆ ಬಂದಳು. “ಹೊಗೆ ನೋಡೋದು ನಮಗೆ ಯಾರಿಗೂ ಗೊತ್ತಿಲ್ಲ.”

ಈ ಮಾತಿಗೆ ಮುದುಕ ಕರಗಿದ. ಪುಟ್ಟಸ್ವಾಮಿಯ ಸೊಸೆ ಸೌಂದರ್ಯ ಎತ್ತಿನ ಗಾಡಿಯಲ್ಲಿ ಚಿಪ್ಪು ಕಳಿಸಿದಳು. ಹೆಂಗಸರು ಒಂದೊಂದೇ ಚಿಪ್ಪಿನ ನಾರು ಕೆರೆದು ಡ್ರಮ್ಮಿಗೆ ತುಂಬಿದರು. ಗಿಡ್ಡಯ್ಯ ತಲೆಗೆ ಟವೆಲ್ಲು ಸುತ್ತಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

“ನೋಡ್ರವ್ವ, ಹೊಗೆ ಬೆಳ್ಳಗೆ ಬಂದ್ರೆ ನೀರು ಹೋಯ್ತಾ ಐತೆ ಅಂತ. ಹಳದಿ ಬಂದ್ರೆ ಎಣ್ಣೆ. ನೀಲಿಗೆ ತಿರುಗ್ತಿದ್ದಂಗೆ ಮುಚ್ಚಿಬುಡಬೇಕು. ಒಂದು ಬೀಡಿ ಸೇದೋ ಹೊತ್ತು ತಡ ಆದ್ರೆ ಎಲ್ಲ ಬೂದಿ.”

“ನೀಲಿ ಬಂತು ಮಾವ!” ಎಂದು ಲತಾಮಣಿ ಕೂಗಿದಳು.

“ಅದು ನಿನ್ನ ಸೀರೆ ನೆರಳು ಕಣವ್ವ, ಕೂತ್ಕೋ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ನಿಜವಾದ ನೀಲಿ ಬಂದಾಗ ಮುದುಕ ಎಂಟು ವರ್ಷದವನಂತೆ ಜಿಗಿದೆದ್ದ. ಮುಚ್ಚಳ ಬಿತ್ತು, ಸಂದುಗಳಿಗೆ ಹಸಿಮಣ್ಣು ಮೆತ್ತಿದರು. ಮಾರನೆಯ ದಿನ ತೆರೆದಾಗ ಚಿಪ್ಪು ಚಿಪ್ಪಿನ ಆಕಾರದಲ್ಲೇ ಕಪ್ಪಗೆ ಮಿರುಗುತ್ತಿತ್ತು. ಗಿಡ್ಡಯ್ಯ ಒಂದು ತುಂಡನ್ನು ಒಗೆಯುವ ಕಲ್ಲಿನ ಮೇಲೆ ಬಿಟ್ಟ. ಠಣ್!

“ಕೇಳುಸ್ತೇನ್ಲಾ?” ಎಂದ ಮಗನತ್ತ ನೋಡಿ.

“ಕೇಳುಸ್ತು. ಡ್ರಮ್ಮಿನ ಸದ್ದು,” ಎಂದ ಮಗ.

ಲತಾಮಣಿ ಎರಡು ಕಿಲೋ ತೂಗಿ ಬಟ್ಟೆಚೀಲಕ್ಕೆ ಹಾಕಿ ಜಗಲಿಯಲ್ಲಿಟ್ಟಳು. ಕಾರ್ಖಾನೆಯ ರಘು ಬೆಳಗ್ಗೆ ಬೈಕಿನಲ್ಲಿ ಬಂದು ಒಯ್ಯುವುದಿತ್ತು. ನೋಡಲು ಬಂದ ಸೌಂದರ್ಯ ಚೀಲದೊಳಗೆ ಇಣುಕಿ, “ನಮ್ಮ ತೋಟದ ಚಿಪ್ಪು ಮಾತ್ರೆ ಆಗಕ್ಕೆ ಹೊರಟುಬಿಡ್ತಲ್ಲ ಲತಕ್ಕಾ!” ಎಂದು ಹೋದಳು.

ಎಲ್ಲರೂ ಒಳಗೆ ಊಟಕ್ಕೆ ಕೂತಾಗ ಸಣ್ಣತಾಯಮ್ಮ ರಾಗಿ ಡ್ರಮ್ಮಿನ ಹಿಂದಿನಿಂದ ಒಂದು ಹಳೆಯ ಪೌಡರ್ ಡಬ್ಬಿ ತೆಗೆದಳು.

ಆ ಮನೆಯ ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಇದ್ದಾರೆ. ಧರ್ಮೇಶ್ ಕೆಲಸಕ್ಕೆ ಸೇರಿದ ವರ್ಷವೇ ಉಳಿದ ಪಟಗಳನ್ನೆಲ್ಲ ಇಳಿಸಿದ್ದ. ಸಣ್ಣತಾಯಮ್ಮ ಬುದ್ಧನಿಗೆ ದಿನವೂ ಕೈ ಮುಗಿಯುತ್ತಾಳೆ, ಅದರಲ್ಲಿ ಕಳ್ಳಾಟವಿಲ್ಲ. ಆದರೆ ಕೇರಿಯ ಕೊನೆಯಲ್ಲಿ ಮಾರಮ್ಮನ ಗುಡಿ ಇದೆ. ಅಲ್ಲಿಯ ಧೂಪದ ಬೂದಿ ಆ ಪೌಡರ್ ಡಬ್ಬಿಯಲ್ಲಿದೆ. ಧರ್ಮೇಶನಿಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಆಗ ಅವನ ಹಣೆಗೆ, ನಾಲಗೆಗೆ ಹಚ್ಚಿದ್ದು ಅದೇ ಬೂದಿ.

ಅವಳು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಬೂದಿ ಉದುರಿಸಿದಳು. “ಒಂಬತ್ತು ಮನೆ ಹೆಣ್ಣುಮಕ್ಕಳ ಕೆಲಸ ಕಣವ್ವ, ಕೈ ಬಿಡಬ್ಯಾಡ,” ಎಂದು ಚೀಲವನ್ನು ಎರಡು ಸಲ ಕುಲುಕಿ, ಬಾಯಿ ಕಟ್ಟಿ, ಕೈ ತೊಳೆದು ಊಟಕ್ಕೆ ಹೋದಳು.

ನಾಲ್ಕು ದಿನಕ್ಕೆ ಲತಾಮಣಿಯ ಫೋನಿಗೆ ಬಂದ ಸಂದೇಶದಲ್ಲಿ ಇದ್ದದ್ದು ಎರಡೇ ಮಾತು. ನಂಬರ್ ಹದಿನೇಳು, ಫೇಲ್.

“ಪೀಪಾಯಿ ತುಕ್ಕು ಸೇರೈತೆ,” ಎಂದ ಗಿಡ್ಡಯ್ಯ.

“ನೀನು ಮುಚ್ಚೋದು ತಡ ಮಾಡ್ದೆ,” ಎಂದ ಧರ್ಮೇಶ್.

“ಇನ್ನೂ ಎರಡು ಐತಲ್ಲ, ಹೊಡೆದಾಡ್ಬೇಡಿ, ಮುದ್ದೆ ಆರಿಹೋಗ್ತದೆ,” ಎಂದಳು ಲತಾಮಣಿ. ಎರಡನೆಯ ಸಲ ಅವಳು ಡ್ರಮ್ಮನ್ನು ಮರಳು ಹಾಕಿ ತಿಕ್ಕಿ ಬೆಳಗಿದಳು. ಗಿಡ್ಡಯ್ಯ ಬೀಡಿಯನ್ನೂ ಮುಟ್ಟದೆ ಹೊಗೆ ಕಾದ. ಇದ್ದಿಲು ಮೊದಲಿಗಿಂತ ಚೆನ್ನಾಗಿ ಠಣ್ಣೆಂದಿತು.

ಸಣ್ಣತಾಯಮ್ಮನೂ ತನ್ನ ಪಾಲಿನದರಲ್ಲಿ ಕಮ್ಮಿ ಮಾಡಲಿಲ್ಲ. ಗುಡಿಗೆ ಹೋಗಿ ಪೂಜಾರಿ ಮರಿಯಣ್ಣನ ಮುಂದೆ ಡಬ್ಬಿ ಹಿಡಿದಳು.

“ಏನಮ್ಮೋ, ಮೊನ್ನೆ ತಾನೇ ಒಯ್ದೆಯಲ್ಲ?”

“ಸಾಲ್ದೇ ಹೋಯ್ತಪ್ಪ. ದೊಡ್ಡ ಕೆಲಸ ಐತೆ. ತುಂಬ್ಸಿ ಕೊಡು.”

ಎರಡನೆಯ ಚೀಲಕ್ಕೆ ಎರಡು ಹಿಡಿ ಬಿತ್ತು.

ಶನಿವಾರ ಮತ್ತೆ ಫೇಲ್ ಎಂದು ಬಂತು. ಅಂದು ಆ ಮನೆಯಲ್ಲಿ ಎದ್ದ ಗದ್ದಲ ಪುಟ್ಟಸ್ವಾಮಿಯ ತೋಟದವರೆಗೂ ಕೇಳಿಸಿತೆಂದು ಆಮೇಲೆ ಸೌಂದರ್ಯಳೇ ಹೇಳಿದಳು.

“ಅಕ್ಕಸಾಲಿಗರ ಕಾಲ ಮುಗೀತಪ್ಪ!” ಎಂದ ಧರ್ಮೇಶ್. “ನಿನ್ನ ಠಣ್ಣು ಪಣ್ಣು ಇಲ್ಲಿ ನಡಿಯಲ್ಲ. ನಿನ್ನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು!”

ಗಿಡ್ಡಯ್ಯ ತುತ್ತನ್ನು ತಟ್ಟೆಗೆ ಬಿಟ್ಟ. ತಲೆಯ ಟವೆಲ್ಲು ಬಿಚ್ಚಿ, ಮಡಿಸಿ, ಮಗನ ಮುಂದೆ ಇಟ್ಟ. “ತಗೋ. ಇನ್ನು ಡ್ರಮ್ಮಿನ ಹತ್ರ ನಾನು ಬರಾಕಿಲ್ಲ. ನೀನುಂಟು, ನಿನ್ನ ಮೊಬೈಲುಂಟು.”

“ಅಪ್ಪ ಮಗ ಸೇರಿ ನನ್ನ ಮರ್ಯಾದೆ ಸುಟ್ಟು ಇದ್ದಿಲು ಮಾಡಿದ್ರಿ,” ಎಂದಳು ಲತಾಮಣಿ. “ಎಂಟು ಜನ ದಿನಾ ಬಾಗಿಲಿಗೆ ಬಂದು ಏನಾಯ್ತು ಲತಕ್ಕ ಅಂತಾರೆ. ನಾನು ಏನ್ರೀ ಹೇಳ್ಲಿ? ನಾನು ಗೆಂಡೆಹಳ್ಳಿಗೆ ಹೋಗ್ತೀನಿ. ನೀವು ಹೊಡೆದಾಡಿ ಮುಗಿಸಿದ ಮೇಲೆ ಫೋನ್ ಮಾಡಿ.” ಬೇಲೂರಿನ ಕಡೆಯ ಆ ಊರು ಅವಳ ತವರು. ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟಳು.

ನಾಲ್ಕು ದಿನ ಒಲೆ ಸಣ್ಣತಾಯಮ್ಮನ ಪಾಲಿಗೆ ಬಂತು. ಕೈಯಲ್ಲಿ ಮೊದಲಿನ ಕಸುವಿಲ್ಲ, ಮುದ್ದೆ ಗಂಟುಗಂಟಾಯಿತು. ಅಪ್ಪನೂ ಮಗನೂ ಒಂದು ಮಾತಾಡದೆ ಗಂಟು ನುಂಗಿ ಎದ್ದರು. ಗಿಡ್ಡಯ್ಯ ಹಿತ್ತಲಿನ ತೆಂಗಿನ ಬುಡದಲ್ಲಿ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದ. ಅವನನ್ನು ಹಾಗೆ ನೋಡಿ ಸಣ್ಣತಾಯಮ್ಮ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಳು. ಮೂರನೆಯ ಚೀಲಕ್ಕೆ ಡಬ್ಬಿಯನ್ನೇ ಬೋರಲು ಹಾಕುವುದೆಂದು ನಿಶ್ಚಯಿಸಿದಳು.

ಬುಧವಾರ ಸಂಜೆ ಮಾಲಿನಿ ಬಂದಳು, ಜೊತೆಗೆ ಅಮ್ಮ ಲತಾಮಣಿಯನ್ನೂ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು. ಕೈಯಲ್ಲಿ ಎರಡು ಹಾಳೆ. ಫೇಲಾದವರು ಕೇಳಿಕೊಂಡರೆ ವಿವರ ಕೊಡುತ್ತಾರೆಂದು ಗೊತ್ತಾಗಿ ಲತಾಮಣಿಯೇ ಅರ್ಜಿ ಹಾಕಿಸಿದ್ದಳು. ಎಲ್ಲರೂ ತಟ್ಟೆಯ ಮುಂದೆ ಕೂತಿದ್ದಂತೆಯೇ ಮಾಲಿನಿ ಓದತೊಡಗಿದಳು.

“ತೇವ ಸರಿಯಾಗಿದೆ. ಸುಟ್ಟಿರೋದು ಸರಿಯಾಗಿದೆ, ಅದಕ್ಕಂತೂ ನೂರಕ್ಕೆ ನೂರು. ತುಕ್ಕು ಇಲ್ಲವೇ ಇಲ್ಲ. ಅಪ್ಪಾ, ಡ್ರಮ್ಮಿಂದೂ ತಪ್ಪಿಲ್ಲ, ತಾತಂದೂ ತಪ್ಪಿಲ್ಲ.”

“ಮತ್ತೆ?”

“ಬೂದಿ. ನೂರಕ್ಕೆ ಎರಡರೊಳಗೆ ಇರ್ಬೇಕು. ಮೊದಲನೇ ಚೀಲದಲ್ಲಿ ಐದು. ಎರಡನೇದರಲ್ಲಿ ಎಂಟು! ಇಷ್ಟು ಚೆನ್ನಾಗಿ ಸುಟ್ಟ ಇದ್ದಿಲಲ್ಲಿ ಇಷ್ಟು ಬೂದಿ ಬರೋದಕ್ಕೆ ಸಾಧ್ಯವೇ ಇಲ್ಲ, ಯಾರೋ ಹೊರಗಿಂದ ತಂದು ಸುರಿದ ಹಾಗಿದೆ ಅಂತ ಶಿಲ್ಪಾ ಮೇಡಂ ಬರೆದಿದ್ದಾರೆ.”

ಸಣ್ಣತಾಯಮ್ಮನ ಕೈ ಸಾರಿನ ಸೌಟಿನ ಮೇಲೆ ನಿಂತಿತು.

“ಯಾರು ಸುರೀತಾರೆ?” ಎಂದ ಧರ್ಮೇಶ್.

ಲತಾಮಣಿಯ ಮುಖ ಕೆಂಪಾಯಿತು. “ಯಾರು ಅಂದ್ರೆ? ಆ ಸೌಂದರ್ಯ! ಎರಡು ಸಲವೂ ಚೀಲದ ಹತ್ರ ನಿಂತು ಬಗ್ಗಿ ಬಗ್ಗಿ ನೋಡಿದ್ಲು. ನಾವು ಮುಂದಕ್ಕೆ ಬರೋದು ಅವರಿಗೆ ಕಣ್ಣುರಿ. ಈಗ್ಲೇ ಹೋಗಿ ಕೇಳ್ತೀನಿ, ನಾಲ್ಕು ಜನರ ಮುಂದೆ!”

ಅವಳು ಎದ್ದು ಚಪ್ಪಲಿ ಮೆಟ್ಟಿಯೇಬಿಟ್ಟಳು.

“ಲತಾ, ನಿಂತ್ಕೋ,” ಎಂದಳು ಸಣ್ಣತಾಯಮ್ಮ. “ಆ ಹುಡುಗಿ ಸುದ್ದಿಗೆ ಹೋಗ್ಬ್ಯಾಡ. ಹಾಕಿದ್ದು ನಾನು.”

ಅವಳು ಎದ್ದುಹೋಗಿ ರಾಗಿ ಡ್ರಮ್ಮಿನ ಹಿಂದಿನ ಡಬ್ಬಿ ತಂದು ಎಲ್ಲರ ನಡುವೆ ಇಟ್ಟಳು.

“ಮೊದಲನೇ ಸಲ ಒಂದು ಹಿಡಿ. ಪಾಸಾಗ್ನಿಲ್ಲ ಅಂತ ಎರಡನೇ ಸಲ ಎರಡು ಹಿಡಿ. ಈ ಸಲ ಡಬ್ಬೀನೇ ಸುರಿಯವ ಅಂತಿದ್ದೆ.”

ಧರ್ಮೇಶ್ ಮುಚ್ಚಳ ತೆಗೆದು ನೋಡಿದ. ಅವನ ದನಿಯೇ ಬೇರೆಯಾಯಿತು. “ಅವ್ವಾ! ಮೂವತ್ತು ವರ್ಷ ಆಯ್ತು ಇದೆಲ್ಲ ಬೇಡ ಅಂತ ನಾನು ಹೇಳಕ್ಕೆ ಶುರುಮಾಡಿ. ನನ್ನ ಮನೇಲೇ, ನನ್ನ ಬೆನ್ನ ಹಿಂದೆ...”

“ಇದನ್ನ ನಾಲಗೆಗೆ ಹಚ್ಚೇ ನಿನ್ನ ಉಳಿಸ್ಕಂಡೆ ಕಣ್ಲಾ. ಮೂರು ದಿನ ಕಣ್ಣು ಬಿಟ್ಟಿರ್ನಿಲ್ಲ ನೀನು.”

“ಉಳಿಸಿದ್ದು ಮಾತ್ರೆ! ಅಪ್ಪ ಅರಸೀಕೆರೆವರೆಗೂ ನಡ್ಕೊಂಡು ಹೋಗಿ ತಂದಿದ್ದು.”

“ಅದು ಬರೋಗಂಟ ನೀನು ಉಸಿರು ಹಿಡ್ಕಂಡಿರ್ಬೇಕಿತ್ತಲ್ಲ?” ಎಂದಳು ಮುದುಕಿ. “ನಿಮ್ಮಪ್ಪ ಬೆಳಗ್ಗೆ ಹೋದೋನು ದೀಪ ಹಚ್ಚೋ ಹೊತ್ತಿಗೆ ಬಂದ. ಅಷ್ಟೊತ್ತು ನನ್ನ ಹತ್ರ ಇನ್ನೇನಿತ್ತು? ಹೇಳು. ಮಾತ್ರೆ ಇತ್ತಾ, ಡಾಕ್ಟರಿದ್ದನಾ? ಇದ್ದಿದ್ದು ಈ ಬೂದಿ ಒಂದೇ.”

ಧರ್ಮೇಶ್ ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿಟ್ಟ.

ಅಷ್ಟರಲ್ಲಿ ಕುಳಿತಲ್ಲೇ ಗಿಡ್ಡಯ್ಯನ ಹೊಟ್ಟೆ ಕುಣಿಯತೊಡಗಿತು. ಮುದುಕ ನಗುತ್ತಿದ್ದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಲೇ, ಐವತ್ತೈದು ವರ್ಷ ಆಯ್ತು ನಿನ್ನ ಕಟ್ಕಂಡು. ನನ್ನ ಇಜ್ಜಲು ಕೆಡಿಸಿದ ಗಟ್ಟಿಗಿತ್ತಿ ನೀನೊಬ್ಳೇ ಕಣೇ! ಅಕ್ಕಸಾಲಿಗರ ಕೈಲೂ ಆಗ್ನಿಲ್ಲ!”

ಮಾಲಿನಿಯ ಬಾಯಿಂದ ಕಿಸಕ್ಕೆಂದಿತು. ಲತಾಮಣಿ ಚಪ್ಪಲಿ ಬಿಚ್ಚಿ ಗೋಡೆಗೊರಗಿ ಕೂತು, “ಅಯ್ಯೋ ಅತ್ತೆ, ಅತ್ತೆ! ಹೋಗಿ ಸೌಂದರ್ಯನ ಜುಟ್ಟು ಹಿಡೀತಿದ್ದೆನಲ್ಲ!” ಎಂದು ತಲೆ ಚಚ್ಚಿಕೊಂಡು ತಾನೂ ನಗತೊಡಗಿದಳು.

ಸಣ್ಣತಾಯಮ್ಮ ನಗಲಿಲ್ಲ. “ಮೂರನೇದೂ ಹೋದ್ರೆ ಆ ಹೆಣ್ಣುಮಕ್ಕಳ ಮುಂದೆ ನಾನು ತಲೆ ಎತ್ತಾಕಿಲ್ಲ,” ಎಂದಳು. ಆಮೇಲೆ ಮಗನ ಕಡೆ ನೋಡಿದಳು. “ನನ್ನ ಬಯ್ಯಿ, ಬ್ಯಾಡ ಅನ್ನಾಕಿಲ್ಲ. ಮೊದ್ಲು ನಿಮ್ಮಪ್ಪಂಗೆ ಆ ಟವೆಲ್ಲು ಕೊಡ್ಲಾ.”

ಧರ್ಮೇಶ್ ಎದ್ದು ಗೂಟದ ಮೇಲಿದ್ದ ಟವೆಲ್ಲು ತಂದು ಅಪ್ಪನ ಹೆಗಲಿಗೆ ಹಾಕಿದ. “ನಾಳೆ ನನಗೆ ರಜಾ ಐತಪ್ಪ. ಚಿಪ್ಪು ನಾನೇ ತುಂಬ್ತೀನಿ. ಹೊಗೆ ನೀನು ನೋಡು.”

“ನೋಡವ. ಮುದ್ದೆ ಹಾಕು ಇನ್ನೊಂದು, ಗಂಟಿಲ್ಲದ್ದು,” ಎಂದ ಗಿಡ್ಡಯ್ಯ.

ಮೂರನೆಯ ಡ್ರಮ್ಮಿನ ದಿನ ಅಂಗಳದ ತುಂಬ ಜನ. ಗಾರ್ಮೆಂಟ್ಸಿನ ಐವರೂ ರಜ ಹಾಕಿ ಬಂದಿದ್ದರು. ಚಿಪ್ಪನ್ನು ಮಕ್ಕಳ ಮುಖ ತೊಳೆದಂತೆ ತೊಳೆದು ಒಣಗಿಸಿದ್ದರು. ಹೊಗೆ ನೀಲಿಗೆ ತಿರುಗಿದ್ದು ಈ ಸಲ ಧರ್ಮೇಶನ ಕಣ್ಣಿಗೇ ಮೊದಲು ಬಿತ್ತು. “ಈಗಾ ಅಪ್ಪ?” ಎಂದ. “ಈಗ್ಲೇ ಕಣ್ಲಾ, ಹಾಕು!” ಎಂದ ಮುದುಕ.

ಮರುದಿನ ಚೀಲ ಜಗಲಿಗೆ ಬಂತು. ಸಣ್ಣತಾಯಮ್ಮ ಎರಡು ಮಾರು ದೂರದಲ್ಲಿ ಮಣೆ ಹಾಕಿಕೊಂಡು, ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ಕಾವಲು ಕೂತಳು. ಕೋಳಿ ಬಂದರೆ ಬಾಯಲ್ಲೇ ಅಟ್ಟಿದಳು. ಸೌಂದರ್ಯ ಬಂದಾಗ, “ಬಾ ಮಗಾ, ನೋಡು. ಆದ್ರೆ ಉಸಿರು ಬಿಡ್ಬ್ಯಾಡ,” ಎಂದಳು.

ರಘು ಬಂದು ಚೀಲಕ್ಕೆ ಸೀಲು ಒತ್ತಿದ. “ಏನಜ್ಜಿ, ಕೈಗೇನಾಗೈತೆ?”

“ಏನೂ ಆಗಿಲ್ಲಪ್ಪ. ಅವು ಸುಮ್ನಿರಾಕಿಲ್ಲ, ಅದ್ಕೇ ಕಟ್ಟಾಕಿದೀನಿ.”

ಆ ನಾಲ್ಕು ದಿನ ಯಾರ ಕೈಗೂ ಕೆಲಸ ಹತ್ತಲಿಲ್ಲ. ಲತಾಮಣಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಧರ್ಮೇಶ್ ಆಫೀಸಿನಿಂದ ಗಂಟೆಗೊಂದು ಫೋನು ಮಾಡಿದ. ಐದನೆಯ ದಿನ ಹನ್ನೊಂದರ ಹೊತ್ತಿಗೆ ಲತಾಮಣಿಯ ಫೋನು ಕೂಗಿತು. ಅವಳು ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು. ಬಂದ ಸಂದೇಶ ಓದಿದಳು. ಆಮೇಲೆ ಕೇರಿ ಹಾರಿಹೋಗುವಂತೆ ಕೂಗಿದಳು.

“ಪಾಸು! ಅತ್ತೆ, ಪಾಸು! ಬೂದಿ ಒಂದೂವರೆ! ಮಾವಾ, ಒಂದೂವರೆ!”

ಒಂಬತ್ತು ಬಾಗಿಲಿಂದಲೂ ಹೆಂಗಸರು ಓಡಿಬಂದರು. ಯಾರೋ ತಟ್ಟೆ ಬಡಿದರು. ಗಿಡ್ಡಯ್ಯ ಅಂಗಳದಲ್ಲಿದ್ದ ಇದ್ದಿಲ ತುಂಡುಗಳನ್ನು ಆರಿಸಿ ಆರಿಸಿ ಒಗೆಯುವ ಕಲ್ಲಿನ ಮೇಲೆ ಬಿಡುತ್ತಿದ್ದ. ಠಣ್! ಠಣ್! ಠಣ್!

ಸಂಕ್ರಾಂತಿ ಕಳೆದ ವಾರ ಮೊದಲ ಲಾರಿ ಬಂತು. ಅರವತ್ತು ಚೀಲ. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಮಾಲಿನಿ ತಾನು ತಂದಿದ್ದ ಬಿಳಿ ಮಾತ್ರೆಯ ಒಂದು ಹಾಳೆಯನ್ನು ತಾತನ ಕೈಗಿಟ್ಟಳು. ಅವನು ಕಪ್ಪು ಅಂಗೈ ಮೇಲೆ ಅದನ್ನು ಹೊರಳಿಸಿ, ಬಿಸಿಲಿಗೆ ಹಿಡಿದು, “ಮುಂದಿನ ವರ್ಷದ್ದು ಇದಕ್ಕಿಂತ ಬೆಳ್ಳಗಿರ್ತದೆ,” ಎಂದು ಜೇಬಿಗೆ ಹಾಕಿಕೊಂಡ.

ಲಾರಿ ಹೊರಡಲು ಗುರುಗುಟ್ಟಿತು. ಸಣ್ಣತಾಯಮ್ಮ ಮನೆಯೊಳಗೆ ಹೋಗಿ ಬಂದಳು. ಕೈಯಲ್ಲಿ ಪೌಡರ್ ಡಬ್ಬಿ. ಹೆಂಗಸರೆಲ್ಲ ಒಮ್ಮೆಗೇ ಚೀಲಗಳಿಗೆ ಅಡ್ಡ ನಿಂತರು.

“ನಿಂತ್ಕಳ್ರೇ, ಅಷ್ಟೂ ತಿಳುವಳಿಕೆ ಇಲ್ವಾ ನನಗೆ!” ಎಂದು ಅವಳು ಲಾರಿಯ ಮುಂದಕ್ಕೆ ನಡೆದಳು. “ಮಾಲಿನೀ, ಟೈರಿಗೆ ಹಾಕ್ಬೌದೇನೇ? ರಿಪೋರ್ಟಿಗೆ ಬರಾಕಿಲ್ಲ ತಾನೆ?”

“ಹಾಕಜ್ಜಿ. ಟೈರು ಟೆಸ್ಟ್ ಮಾಡಲ್ಲ.”

ಮುದುಕಿ ಬಗ್ಗಿ ಬಲಗಡೆಯ ಟೈರಿಗೆ ಒಂದು ಚಿಟಿಕೆ ಬೂದಿ ಹಚ್ಚಿದಳು. ಹಚ್ಚಿ, ಎದ್ದು, ಮಗನ ಮುಖ ನೋಡಿದಳು. ಧರ್ಮೇಶ್ ಚೀಲಗಳ ಪಟ್ಟಿ ಹಿಡಿದು ನಿಂತಿದ್ದ. ಅವನು ಪಟ್ಟಿಯಿಂದ ತಲೆ ಎತ್ತಲಿಲ್ಲ.

“ಎಡಗಡೇದೂ ಐತೆ ನೋಡವ್ವ,” ಎಂದ. “ಬೇಗ ಹಚ್ಚು, ಲಾರಿಗೆ ಹೊತ್ತಾಯ್ತದೆ.”